ಸಿಡ್ಲಫಡಿಗೆ ರಸ್ತೆ ಬೇಡ, ಒಬ್ಬ ಕಾವಲುಗಾರ ಸಾಕು

ಮಾನ್ಯ ಸಂಪಾದಕರೇ,

ಬಾದಾಮಿ ಹತ್ತಿರದ ಸಿಡ್ಲಫಡಿ ಎಂಬ, ಶಿಲಾಯುಗದ ಜನರ ಬಂಡೆ ಚಿತ್ರಗಳಿರುವ ಜಾಗವನ್ನು ಅಭಿವೃದ್ಧಿ ಮಾಡಬೇಕು ಎಂದು ಓದುಗರೊಬ್ಬರು ಇದೇ ಅಂಕಣಕ್ಕೆ ಬರೆದಿದ್ದರು. ಜೀಪು ಹೋಗುವಂಥ ರಸ್ತೆ, ಒಳಗೆ ಕಾಂಕ್ರೀಟ್ ನೆಲ, ಸಂಜೆಗೆ ಬಣ್ಣದ ದೀಪ, ಕೂರಲು ಸಿಮೆಂಟಿನ ಬೆಂಚು ಬೇಕು ಎಂದಿದ್ದರು. ಅವರ ಕಾಳಜಿ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅವರು ಕೇಳಿದ್ದರಲ್ಲಿ ಯಾವ ಒಂದನ್ನು ಮಾಡಿದರೂ ಆ ಜಾಗ ಕೆಡುತ್ತದೆ. ಕಾಂಕ್ರೀಟ್ ನೆಲವಂತೂ ಬೇಡವೇ ಬೇಡ. ಯಾಕೆ ಅಂತ ಹೇಳಲು ಈ ಪತ್ರ. ಉದ್ದವಾದರೆ ಕತ್ತರಿಸಿ, ನೆಲದ ಮಾತನ್ನು ಮಾತ್ರ ಉಳಿಸಿ.

ನಾನು ಪುರಾತತ್ವ ಓದಿದವನಲ್ಲ. ಬೋರ್ಡ್ ಬರೆಯುವ ಪೇಂಟರ್. ಕಿರಾಣಿ ಅಂಗಡಿ, ಸೈಕಲ್ ಶಾಪು, ಖಾನಾವಳಿ, ಶಾಲೆಯ ಗೋಡೆ ಎಲ್ಲ ಬರೆದಿದ್ದೇನೆ. ಬನಶಂಕರಿ ಜಾತ್ರೆಗೆ ಬರುವ ನಾಟಕ ಕಂಪನಿಗಳಿಗೆ ಪರದೆಯನ್ನೂ ಬರೆದಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯಿತು, ಗುಡ್ಡ ಸುತ್ತೋದು ಜಾಸ್ತಿಯಾಯಿತು. ಬಣ್ಣ ಯಾವುದರ ಮೇಲೆ ಹೇಗೆ ಕೂರುತ್ತದೆ, ಎಷ್ಟು ದಿನ ಇರುತ್ತದೆ, ಹೇಗೆ ಏಳುತ್ತದೆ ಅನ್ನೋದಷ್ಟೇ ನನ್ನ ವಿದ್ಯೆ. ಸಿಡ್ಲಫಡಿಯ ವಿಷಯದಲ್ಲಿ ಅದು ಉಪಯೋಗಕ್ಕೆ ಬರುತ್ತದೆ.

ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಬಾದಾಮಿಯಿಂದ ಸುಮಾರು 4 ಕಿಲೋಮೀಟರ್ ಕಾಲುದಾರಿ. ಕುರುಚಲು ಕಾಡು, ಕೆಂಪು ಮರಳುಗಲ್ಲಿನ ಬಂಡೆಗಳು. ಗಾಡಿ ಹೋಗಲ್ಲ, ನಡೀಬೇಕು. ಎರಡು ದೊಡ್ಡ ಬಂಡೆಗಳ ನಡುವೆ ಕಲ್ಲಿನ ಕಮಾನು ಇದೆ, ಆ ಕಮಾನಿನಲ್ಲಿ ದೊಡ್ಡ ದೊಡ್ಡ ತೂತುಗಳಿವೆ. ಸಿಡಿಲು ಬಡಿದು ತೂತಾಯಿತು ಅಂತ ಜನ ಹೇಳುತ್ತಾರೆ, ಹೆಸರು ಬಂದಿದ್ದೂ ಹಾಗೇ. ಆ ತೂತುಗಳಿಂದ ಒಳಗೆಲ್ಲ ಬೆಳಕು ಬೀಳುತ್ತದೆ. ಕಲ್ಲಿನ ಆಯುಧ ಹಿಡಿದು ಬೇಟೆಯಾಡುತ್ತಿದ್ದ ಜನ ಇಲ್ಲಿ ತಂಗುತ್ತಿದ್ದರು. ಅವರ ಆಯುಧಗಳೂ ಇಲ್ಲಿ ಸಿಕ್ಕಿವೆ, ಅವರು ಬಿಡಿಸಿದ ಚಿತ್ರಗಳೂ ಬಂಡೆಯ ಮೇಲೆ ಇವೆ. ಮಾಸಿವೆ, ಆದರೆ ಇವೆ.

ಬಾದಾಮಿಗೆ ಬರುವ ನೂರು ಜನರಲ್ಲಿ ತೊಂಬತ್ತೊಂಬತ್ತು ಜನ ಬರುವುದು ಮೇಣಬಸದಿಗೆ, ಅಂದರೆ ಬಂಡೆ ಕೊರೆದು ಮಾಡಿದ ಗುಹಾಲಯಗಳಿಗೆ. ಮೂರನೇ ಗುಹೆಯಲ್ಲಿ 578ರ ಶಾಸನ ಇದೆ, ಚಾಲುಕ್ಯ ಮಂಗಳೇಶ ಬರೆಸಿದ್ದು. ಆ ಗುಹೆಗಳನ್ನು ಉಳಿ ಹಿಡಿದು ಕೊರೆದವರು ಇದ್ದರು, ಕೊರೆಸಿದ ರಾಜನೂ ಇದ್ದ. ಅಲ್ಲಿ ಕಟಾಂಜನ, ಟಿಕೆಟ್, ಕಾವಲು ಎಲ್ಲ ಇದೆ. ಸಿಡ್ಲಫಡಿಯನ್ನು ಯಾರೂ ಕೊರೆದಿಲ್ಲ. ಅದು ತಾನಾಗೇ ಆದದ್ದು. ಅದಕ್ಕೇ ಏನೋ, ಅದು ಯಾರದ್ದೂ ಅಲ್ಲ ಅನ್ನುವ ಹಾಗೆ ಜನ ನಡೆದುಕೊಳ್ಳುತ್ತಾರೆ.

ಈಗ ಬಣ್ಣದ ಮಾತು. ನಮ್ಮ ಕಡೆ ಮನೆಯ ಗೋಡೆಗೆ, ತುಳಸಿಕಟ್ಟೆಗೆ ಜಾಜು ಬಳಿಯುತ್ತಿದ್ದರು. ಈಗಲೂ ಹಳ್ಳಿಗಳಲ್ಲಿ ಬಳಿಯುವವರು ಇದ್ದಾರೆ. ಜಾಜು ಅಂದರೆ ಕಬ್ಬಿಣದ ಅಂಶ ಇರುವ ಕೆಂಪು ಮಣ್ಣು. ಗುಡ್ಡದ ಚಿತ್ರಗಳ ಕೆಂಪೂ ಅದೇ ಜಾತಿಯ ಮಣ್ಣಿನ ಬಣ್ಣ. ಬಿಸಿಲಿಗೆ ಅದು ಹೋಗಲ್ಲ. ಅಂಗಡಿಯಲ್ಲಿ ಡಬ್ಬಿ ತಂದು ಬರೆದ ನನ್ನ ಕೆಂಪು ಬೋರ್ಡುಗಳು ಐದಾರು ಬೇಸಿಗೆ ಕಳೆದರೆ ಬಿಳಚಿಕೊಳ್ಳುತ್ತವೆ. ಮಣ್ಣಿನ ಕೆಂಪು ಬಿಳಚಿಕೊಳ್ಳಲ್ಲ, ಅದರ ಬಣ್ಣ ಆಗಲೇ ತುಕ್ಕು ಹಿಡಿದ ಕಬ್ಬಿಣದ್ದು, ಇನ್ನು ಏನಾಗಬೇಕು ಹೇಳಿ. ಮರಳುಗಲ್ಲು ಸಣ್ಣ ಸಣ್ಣ ರಂಧ್ರಗಳ ಕಲ್ಲು. ನೆನೆಸಿದ ಮಣ್ಣಿನ ನುಣ್ಣನೆಯ ಕಣ ಅದರೊಳಗೆ ಇಳಿದು ಕೂತುಬಿಟ್ಟಿದೆ. ಮಳೆ ನೇರ ಬೀಳದ ಕಡೆ, ಕೈ ಆಡದ ಕಡೆ ಅದು ಸಾವಿರಾರು ವರ್ಷ ಉಳಿಯುತ್ತದೆ.

ಆದರೆ ಇದೇ ರಂಧ್ರ ಈಗಿನವರ ಬಣ್ಣವನ್ನೂ ಕುಡಿಯುತ್ತದೆ. ಗುಡ್ಡದ ಬಂಡೆಗಳ ಮೇಲೆ ಹೆಸರು ಬರೆದವರು ಯಾವುದರಿಂದ ಬರೆದಿದ್ದಾರೆ ಅಂತ ನಾನು ನೋಡಿದ ಕೂಡಲೇ ಹೇಳಬಲ್ಲೆ. ಸೀಮೆಸುಣ್ಣ, ಇದ್ದಿಲು ಆದರೆ ಅಷ್ಟು ಚಿಂತೆಯಿಲ್ಲ, ಮೇಲೆ ಕೂತಿರುತ್ತದೆ. ಮಾರ್ಕರ್ ಪೆನ್ನು ಕಷ್ಟ. ಎಣ್ಣೆಯ ಎನಾಮೆಲ್ ಬಣ್ಣ ಇನ್ನೂ ಕಷ್ಟ. ಎಣ್ಣೆ ಕಲ್ಲಿನೊಳಗೆ ಇಳಿಯುತ್ತದೆ, ಒಣಗಿದ ಮೇಲೆ ಕಲ್ಲನ್ನು ಬಿಡಲ್ಲ. ಸ್ಪ್ರೇ ಡಬ್ಬಿ ಬಂದ ಮೇಲೆ ಹೃದಯದ ಗುರುತು ಹಾಕೋರಿಗೆ ಬ್ರಷ್ ಹಿಡಿಯೋ ಶ್ರಮವೂ ತಪ್ಪಿತು. ಅಕ್ಷರವಾದರೂ ನೆಟ್ಟಗಿರುತ್ತಾ ಅಂದರೆ ಅದೂ ಇಲ್ಲ!

ಹೆಸರು ಬರೆದವರಿಗಿಂತ ಅದನ್ನು ಅಳಿಸಲು ಹೋಗುವವರ ಬಗ್ಗೆ ನನಗೆ ಹೆಚ್ಚು ಭಯ. ಸ್ವಚ್ಛತಾ ಅಭಿಯಾನ ಅಂತ ಒಂದು ಭಾನುವಾರ ಉತ್ಸಾಹಿ ಹುಡುಗರು ಹೊರಡುತ್ತಾರೆ. ಒಬ್ಬನ ಕೈಯಲ್ಲಿ ಥಿನ್ನರ್, ಇನ್ನೊಬ್ಬನ ಕೈಯಲ್ಲಿ ತಂತಿ ಬ್ರಷ್, ಮತ್ತೊಬ್ಬನ ಬಳಿ ಬಚ್ಚಲು ತೊಳೆಯುವ ಆ್ಯಸಿಡ್. ಥಿನ್ನರ್ ಹಾಕಿದರೆ ಬಣ್ಣ ಕರಗಿ ಇನ್ನೂ ಆಳಕ್ಕೆ ಇಳಿಯುತ್ತದೆ, ಅಗಲಕ್ಕೂ ಹರಡುತ್ತದೆ. ತಂತಿ ಬ್ರಷ್ ಉಜ್ಜಿದರೆ ಬಣ್ಣದ ಜೊತೆ ಮರಳಿನ ಕಣವೂ ಉದುರುತ್ತದೆ. ಆ್ಯಸಿಡ್ ಹಾಕಿದರೆ ಮೇಲಿನ ಕಲೆ ಹೋಗುವುದಿರಲಿ, ಕಲ್ಲಿನ ಮೈಯೇ ಕೆಡುತ್ತದೆ. ಅದರ ಕೆಳಗೆ ಹಳೆಯ ಚಿತ್ರದ ಒಂದು ಗೆರೆ ಇದ್ದರೆ ಅದರ ಕಥೆ ಮುಗಿಯಿತು. ಈ ಕೆಲಸಕ್ಕೆ ಅಂತಲೇ ಕಲಿತವರು ಇದ್ದಾರೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಡೆಹ್ರಾಡೂನಿನಲ್ಲಿ ವಿಜ್ಞಾನ ಶಾಖೆ ಇದೆ. ಕಲೆ ತೆಗೆಯೋದು ಅವರ ಕೆಲಸ, ನಮ್ಮದಲ್ಲ. ಪೇಂಟರ್ ಆಗಿ ಹೇಳುತ್ತಿದ್ದೇನೆ, ನಂಬಿ.

ಇನ್ನೊಂದು ಕೆಟ್ಟ ಅಭ್ಯಾಸ ಇದೆ. ಚಿತ್ರ ಮಸುಕಾಗಿದೆ ಅಂತ ಬಾಟಲಿಯ ನೀರು ಎರಚಿ ಫೋಟೋ ತೆಗೆಯೋದು. ನೀರು ಬಿದ್ದರೆ ಬಣ್ಣ ಒಂದು ಕ್ಷಣ ಎದ್ದು ಕಾಣುತ್ತದೆ, ನಿಜ. ಹಾಗೆ ಎರಚುತ್ತಾ ಹೋದರೆ ಕಲ್ಲಿನೊಳಗಿನ ಉಪ್ಪು ಮೇಲೆ ಬಂದು ಬೆಳ್ಳಗೆ ಪೊರೆ ಕಟ್ಟುತ್ತದೆ, ಆಮೇಲೆ ಚಕ್ಕೆ ಏಳುತ್ತದೆ. ಮನೆಯ ಗೋಡೆ ತೇವ ಹಿಡಿದಾಗ ಬಣ್ಣ ಉಬ್ಬಿ ಉದುರುವುದನ್ನು ಎಲ್ಲರೂ ನೋಡಿದ್ದಾರಲ್ವಾ? ಇಲ್ಲಿ ನಡೆಯುವುದೂ ಅದೇ. ನೀರು ಬೇಕಾಗೇ ಇಲ್ಲ. ಸುಮ್ನೆ ಒಂದು ಫೋಟೋ ತೆಗೆದುಕೊಂಡು ಹೋಗಿ ಡಿಸ್ಟ್ರೆಚ್ ಅನ್ನೋ ತಂತ್ರಾಂಶಕ್ಕೆ ಹಾಕಿದರೆ ಸಾಕು. ಕಣ್ಣಿಗೆ ಕಾಣದ ಕೆಂಪು ಗೆರೆಗಳೂ ಮೇಲೆ ಬರುತ್ತವೆ. ಬಂಡೆ ಚಿತ್ರಗಳ ಅಧ್ಯಯನ ಮಾಡುವವರು ಜಗತ್ತಿನ ಎಲ್ಲ ಕಡೆ ಅದನ್ನೇ ಬಳಸುತ್ತಾರೆ.

ಈಗ ನೆಲಕ್ಕೆ ಬರೋಣ. ಪ್ರವಾಸಿಗರು ಕೇಳುವ ಮೊದಲ ಪ್ರಶ್ನೆ: ಇದು ಎಷ್ಟು ವರ್ಷ ಹಳೇದು? ಜೊತೆಗಿದ್ದವರು ಬಾಯಿಗೆ ಬಂದ ಸಂಖ್ಯೆ ಹೇಳುತ್ತಾರೆ. ನಿಜ ಏನಂದರೆ, ಬರೀ ಜಾಜಿನಿಂದ ಬರೆದ ಚಿತ್ರವನ್ನು ನೋಡಿ ವಯಸ್ಸು ಹೇಳೋದು ಬಹಳ ಕಷ್ಟ. ಕಾರ್ಬನ್ ಪರೀಕ್ಷೆ ಮಾಡಬೇಕಾದರೆ ಒಂದು ಕಾಲಕ್ಕೆ ಜೀವ ಇದ್ದ ವಸ್ತು ಬೇಕು. ಇದ್ದಿಲು, ಮೂಳೆ, ಕಾಳು, ಇಂಥದ್ದು. ಕಬ್ಬಿಣದ ಮಣ್ಣಿನಲ್ಲಿ ಅದಿಲ್ಲ. ಹಾಗಾದರೆ ಅಲ್ಲಿದ್ದವರ ಕಾಲ ಹೇಗೆ ತಿಳಿಯೋದು? ಅವರು ಒಲೆ ಹಚ್ಚಿದ್ದು, ಮಾಂಸ ಸುಟ್ಟು ತಿಂದು ಮೂಳೆ ಎಸೆದದ್ದು, ಕಲ್ಲು ಸೀಳಿ ಅಲಗು ಮಾಡಿ ಉಳಿದ ಚಕ್ಕೆ ಬಿಟ್ಟದ್ದು ಎಲ್ಲ ನೆಲಕ್ಕೆ ಬಿದ್ದಿರುತ್ತದೆ. ಮೇಲೆ ಧೂಳು ಕೂತು, ಮತ್ತೊಬ್ಬರು ಬಂದು, ಮತ್ತೆ ಧೂಳು ಕೂತು, ಪದರ ಪದರವಾಗಿ ಏರುತ್ತದೆ. ಹಳೇ ಅಂಗಡಿಯ ಬೋರ್ಡನ್ನು ಕೆರೆಯುವಾಗ ನನಗೂ ಹೀಗೇ ಆಗುತ್ತದೆ. ಮೇಲೆ ಮೊಬೈಲ್ ಅಂಗಡಿ, ಅದರ ಕೆಳಗೆ ಕ್ಯಾಸೆಟ್ ಅಂಗಡಿ, ಅದರ ಕೆಳಗೆ ರೇಡಿಯೋ ರಿಪೇರಿ. ಯಾವುದು ಮೊದಲು, ಯಾವುದು ಆಮೇಲೆ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಕೆರೆಯುವ ಕೈ ಸ್ವಲ್ಪ ಅವಸರ ಮಾಡಿದರೆ ಮೂರೂ ಕಲಸಿ ಹೋಗುತ್ತವೆ.

ಪತ್ರ ಬರೆದವರು ನೆಲ ಸಮ ಮಾಡಿ ಕಾಂಕ್ರೀಟ್ ಹಾಕಿ ಅಂದಿದ್ದಾರೆ. ಸಮ ಮಾಡುವಾಗ ಗುದ್ದಲಿಗೆ ಮೊದಲು ಸಿಗೋದು ಈ ಪದರಗಳೇ. ಗುತ್ತಿಗೆದಾರನ ಆಳಿಗೆ ಅದು ಮಣ್ಣು, ಬುಟ್ಟಿಗೆ ತುಂಬಿ ಹೊರಗೆ ಚೆಲ್ಲುತ್ತಾನೆ. ಗೋಡೆಯ ಚಿತ್ರ ಉಳಿದರೂ ಅದು ಯಾರದ್ದು, ಯಾವಾಗಿನದು ಅಂತ ಹೇಳುವ ದಾರಿ ಅಲ್ಲಿಗೆ ಮುಚ್ಚಿತು. ನಿಧಿಗಳ್ಳರು ಮಾಡೋದೂ ಇದೇ ಕೆಲಸ. ಹುಣ್ಣಿಮೆ, ಅಮಾವಾಸ್ಯೆ ನೋಡಿ ಲಿಂಬೆಹಣ್ಣು, ಕುಂಕುಮ ಇಟ್ಟು ಗುಂಡಿ ತೋಡುತ್ತಾರೆ. ಲೋಹವನ್ನೇ ಕಾಣದ ಜನ ಇದ್ದ ಜಾಗದಲ್ಲಿ ಬಂಗಾರದ ಕೊಡ ಎಲ್ಲಿಂದ ಬರಬೇಕು? ಅವರ ಬುದ್ಧಿಗೆ ಏನನ್ನೋಣ.

ನಮ್ಮ ಮಲಪ್ರಭೆಯ ದಂಡೆ ಶಿಲಾಯುಗದ ಕುರುಹುಗಳಿಗೆ ಹೆಸರಾದದ್ದು ಇವತ್ತು ನಿನ್ನೆ ಅಲ್ಲ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 19ನೇ ಶತಮಾನದಲ್ಲೇ ಈ ಕಣಿವೆಯಲ್ಲಿ ಹಳೇ ಶಿಲಾಯುಗದ ಆಯುಧ ಗುರುತಿಸಿದ್ದರು. ಭಾರತದ ಮೊದಲ ಶಿಲಾಯುಗದ ಕೈಗೊಡಲಿಯನ್ನು 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಗುರುತಿಸಿದವರೂ ಅವರೇ. ಆಮೇಲೆ ಪುಣೆಯ ಡೆಕ್ಕನ್ ಕಾಲೇಜಿನ ಆರ್.ವಿ. ಜೋಶಿ ಮಲಪ್ರಭಾ ಕಣಿವೆಯನ್ನೇ ಹಿಡಿದು ಅಧ್ಯಯನ ಮಾಡಿ 1955ರಲ್ಲಿ ಪ್ರಕಟಿಸಿದರು. ಖ್ಯಾಡ, ಲಖಮಾಪುರದಂಥ ನಮ್ಮ ಊರುಗಳ ಹೆಸರು ಹೊರದೇಶದ ವಿದ್ವಾಂಸರಿಗೆ ಗೊತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದ ರವಿ ಕೋರಿಶೆಟ್ಟರ್ ಅವರೂ ಲಖಮಾಪುರದಲ್ಲಿ ಕೆಲಸ ಮಾಡಿದ್ದಾರೆ. ನಮ್ಮ ತಾಲ್ಲೂಕಿನ ಹುಡುಗರಿಗೆ ಮಾತ್ರ ಗೊತ್ತಿಲ್ಲ.

ರಕ್ಷಣೆ ಹೇಗಿರಬೇಕು ಅನ್ನೋದಕ್ಕೆ ದೇಶ ಬಿಟ್ಟು ಹೋಗಬೇಕಿಲ್ಲ, ಬಂಡೆ ಚಿತ್ರಗಳಿಗೆ ಹೆಸರಾದ ಮಧ್ಯಪ್ರದೇಶದ ಭೀಮ್‌ಬೇಟ್ಕಾ ಇದೆ. ನಮ್ಮ ಭಾವ ರೈಲ್ವೆಯಲ್ಲಿ ಇಟಾರ್ಸಿಗೆ ವರ್ಗವಾಗಿದ್ದಾಗ ಅವರ ಮನೆಗೆ ಹೋಗಿದ್ದೆ. ಅವರೇ ಕರೆದುಕೊಂಡು ಹೋದರು. ಭೋಪಾಲದಿಂದ ಸುಮಾರು 45 ಕಿಲೋಮೀಟರ್, ರಾತಾಪಾನಿ ಕಾಡಿನೊಳಗೆ. ಅಲ್ಲೂ ಮರಳುಗಲ್ಲೇ, ನೋಡಿದ ಕೂಡಲೇ ನಮ್ಮೂರಿನ ಗುಡ್ಡ ನೆನಪಾಯಿತು. 1957ರಲ್ಲಿ ಪುರಾತತ್ವಜ್ಞ ವಿ.ಎಸ್. ವಾಕಣಕರ್ ರೈಲಿನಲ್ಲಿ ಹೋಗುವಾಗ ಕಿಟಕಿಯಿಂದ ಆ ಬಂಡೆಗಳನ್ನು ನೋಡಿ, ಇಲ್ಲಿ ಏನೋ ಇರಬೇಕು ಅಂತ ಹುಡುಕಿಕೊಂಡು ಹೋದರಂತೆ. ಅವರು ಕೂಡ ಚಿತ್ರ ಬರೆಯುವ ಕೈಯವರೇ ಅನ್ನೋದು ನನಗೆ ಖುಷಿ. ಆ ಗುಡ್ಡಸಾಲಿನಲ್ಲಿ 700ಕ್ಕೂ ಹೆಚ್ಚು ಕಲ್ಲಾಸರೆಗಳಿವೆ. 2003ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಅಷ್ಟೆಲ್ಲ ಇದ್ದರೂ ಜನರಿಗೆ ತೋರಿಸುವುದು ಎಷ್ಟು ಗೊತ್ತಾ? ಸುಮಾರು 15 ಮಾತ್ರ. ಕಾಲುದಾರಿ ಮಾಡಿದ್ದಾರೆ, ಚಿತ್ರದ ಮುಂದೆ ಕೈಗೆ ಎಟುಕದಷ್ಟು ದೂರಕ್ಕೆ ಕಟಾಂಜನ ಹಾಕಿದ್ದಾರೆ, ಕಾವಲಿನವರು ಓಡಾಡುತ್ತಾ ಇರುತ್ತಾರೆ. ಉಳಿದದ್ದೆಲ್ಲ ಕಾಡಿಗೆ ಬಿಟ್ಟಿದ್ದಾರೆ. ನಾನು ಒಂದು ಆನೆಯ ಚಿತ್ರಕ್ಕೆ ಸ್ವಲ್ಪ ಹತ್ತಿರ ಬಗ್ಗಿದ್ದಕ್ಕೇ ಕಾವಲಿನವನು ಸೀಟಿ ಊದಿದ. ಭಾವನಿಗೆ ಅವಮಾನವಾಯಿತು, ನನಗೆ ಸಮಾಧಾನವಾಯಿತು. ನೆಲವನ್ನೂ ಅಲ್ಲಿ ತಜ್ಞರೇ ಅಗೆದರು. 1970ರ ದಶಕದಲ್ಲಿ ವಿ.ಎನ್. ಮಿಶ್ರ ಒಂದು ಗುಹೆಯನ್ನು ಪದರ ಪದರವಾಗಿ ಬಿಡಿಸಿದರು. ಕೆಳಗಿನ ಪದರಗಳಲ್ಲಿ ದೊಡ್ಡ ಕೈಗೊಡಲಿಗಳು, ಮೇಲೆ ಬರುತ್ತಾ ಬೆರಳ ತುದಿಯಷ್ಟಿರುವ ಕಲ್ಲಿನ ಅಲಗುಗಳು. ಒಂದೇ ಜಾಗದಲ್ಲಿ ಮನುಷ್ಯರು ಎಷ್ಟು ದೀರ್ಘ ಕಾಲ ಬಂದು ಹೋಗಿ ಮಾಡಿದ್ದರು ಅಂತ ತಿಳಿದಿದ್ದು ಆ ನೆಲದಿಂದಲೇ. ಅಲ್ಲಿ ಯಾರಾದರೂ ಮೊದಲೇ ಕಾಂಕ್ರೀಟ್ ಸುರಿದಿದ್ದರೆ?

ಅಲ್ಲಿಯದೇ ಒಂದು ತಮಾಷೆಯ ಸಂಗತಿ ಹೇಳಲೇಬೇಕು. ಭೀಮ್‌ಬೇಟ್ಕಾದ ಆಡಿಟೋರಿಯಂ ಅನ್ನುವ ಗುಹೆಯ ಚಾವಣಿಯಲ್ಲಿ ಎಲೆಯಂಥ ಒಂದು ಗುರುತು ಕಂಡಿತು. ಅದು ಸುಮಾರು 55 ಕೋಟಿ ವರ್ಷ ಹಿಂದಿನ ಡಿಕಿನ್ಸೋನಿಯಾ ಎಂಬ ಜೀವಿಯ ಪಳೆಯುಳಿಕೆ ಎಂದು 2021ರಲ್ಲಿ ವಿಜ್ಞಾನಿಗಳು ಬರೆದರು. ದೊಡ್ಡ ಸುದ್ದಿಯಾಯಿತು. 2023ರಲ್ಲಿ ಬೇರೆ ವಿಜ್ಞಾನಿಗಳು ಮತ್ತೆ ನೋಡಿ ಹೇಳಿದರು: ಅದು ಹೆಜ್ಜೇನು ಗೂಡಿನ ಮೇಣದ ಕಲೆ! ನಮ್ಮ ಗುಡ್ಡದ ಕುರಿಗಾಹಿಯನ್ನು ಕೇಳಿದ್ದರೆ ಅವತ್ತೇ ಹೇಳುತ್ತಿದ್ದನೋ ಏನೋ. ಆದರೆ ನಾನು ಇದನ್ನು ಹೇಳಿದ್ದು ವಿಜ್ಞಾನಿಗಳನ್ನು ಆಡಿಕೊಳ್ಳಲು ಅಲ್ಲ. ಆ ಕಲೆಯನ್ನು ಯಾರೂ ಒರೆಸದೆ ಬಿಟ್ಟಿದ್ದರಿಂದ ಎರಡನೇ ಸಲ ನೋಡೋಕೆ ಆಯಿತು. ಬಂಡೆಯ ಮೇಲೆ ಯಾವುದು ಕಸ, ಯಾವುದು ಸಾಕ್ಷಿ ಅಂತ ನಾವು ಅವಸರದಲ್ಲಿ ತೀರ್ಮಾನ ಮಾಡಬಾರದು.

ಬಣ್ಣದ ದೀಪದ ಬಗ್ಗೆ ಜಾಸ್ತಿ ಹೇಳಲ್ಲ. ಫ್ರಾನ್ಸಿನ ಲಾಸ್ಕೋ ಗುಹೆ 1940ರಲ್ಲಿ ಸಿಕ್ಕಿತು, ಜನ ಮುಗಿಬಿದ್ದರು. ಅವರ ಉಸಿರು, ದೀಪದ ಬೆಳಕು ಸೇರಿ ಗೋಡೆಗೆ ಪಾಚಿ ಕಟ್ಟತೊಡಗಿತು. 1963ರಲ್ಲಿ ಬಾಗಿಲು ಹಾಕಿದರು. 1983ರಲ್ಲಿ ಪಕ್ಕದಲ್ಲೇ ಅದರ ಪ್ರತಿಕೃತಿ ಮಾಡಿ ತೆರೆದರು, ಜನ ಅದನ್ನು ನೋಡುತ್ತಾರೆ. ನಮ್ಮದು ಅಂಥ ಕತ್ತಲ ಗುಹೆಯಲ್ಲ, ಗಾಳಿ ಆಡುತ್ತದೆ, ಉಸಿರಿನಿಂದ ಏನೂ ಆಗಲ್ಲ. ದೀಪ ಹಾಕಿದರೆ ವೈರ್ ಎಳೆಯಲು ಬಂಡೆಯಲ್ಲಿ ಮೊಳೆ ಹೊಡೀಬೇಕು, ರಾತ್ರಿ ಹುಳ ಬರುತ್ತವೆ, ಹುಳದ ಹಿಂದೆ ಹಲ್ಲಿ, ಬಾವಲಿ. ಜೊತೆಗೆ ಬಾಟಲಿ ಹಿಡಿದವರೂ ಬರುತ್ತಾರೆ. ಹಗಲು ಮೇಲಿನ ತೂತುಗಳಿಂದ ಬೀಳುವ ಬೆಳಕಿಗೆ ಸಮ ಆಗುವ ದೀಪವನ್ನು ಯಾವ ಗುತ್ತಿಗೆದಾರನೂ ಹಾಕಲಾರ.

ಅಷ್ಟು ದೂರ ನಡೆಯಲಾಗದ ವಯಸ್ಸಾದವರು ಏನು ಮಾಡಬೇಕು ಅಂತ ಪತ್ರದಲ್ಲಿ ಕೇಳಿದ್ದರು. ಸರಿಯಾದ ಪ್ರಶ್ನೆ. ಉತ್ತರ ಬಾದಾಮಿಯಲ್ಲೇ ಇದೆ. ಅಗಸ್ತ್ಯ ತೀರ್ಥದ ದಂಡೆಯ ವಸ್ತುಸಂಗ್ರಹಾಲಯದಲ್ಲಿ ಸಿಡ್ಲಫಡಿಯ ಮಾದರಿಯನ್ನೇ ಮಾಡಿ ಇಟ್ಟಿದ್ದಾರೆ. ಲಜ್ಜಾಗೌರಿಯ ಶಿಲ್ಪ ನೋಡಲು ಹೋದವರು ಅದನ್ನೂ ನೋಡಬಹುದು. ಸೋಜಿಗ ಏನಂದರೆ, ಊರಿನ ಅರ್ಧ ಜನಕ್ಕೆ ಇದು ಗೊತ್ತಿಲ್ಲ. ರಸ್ತೆಗೆ ಸುರಿಯುವ ದುಡ್ಡಿನ ಒಂದು ಪಾಲು ಈ ಮಾದರಿಗೆ ಹಾಕಲಿ. ಚಿತ್ರಗಳ ಸ್ಪಷ್ಟ ಫೋಟೋ ಇಡಲಿ, ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ವಿವರ ಬರೆಸಲಿ, ಶಾಲಾ ಮಕ್ಕಳಿಗೆ ಮೊದಲು ಇದನ್ನು ತೋರಿಸಲಿ. ಮೂಲ ನೋಡಲೇಬೇಕು ಅನ್ನೋರು ಅಲ್ಲೇ ಹೆಸರು ಬರೆಸಿ, ಹತ್ತು ಹನ್ನೆರಡು ಜನರ ಗುಂಪಾಗಿ, ದಾರಿ ಬಲ್ಲವರ ಜೊತೆ ನಡೆದು ಹೋಗಲಿ. ನಡೆಯುವ ಕಷ್ಟವೇ ಒಂದು ಬೇಲಿ. ಗಾಡಿ ಹೋಗುವ ಜಾಗಕ್ಕೂ ಹೋಗದ ಜಾಗಕ್ಕೂ ಕಸದಲ್ಲಿ ಎಷ್ಟು ವ್ಯತ್ಯಾಸ ಇರುತ್ತದೆ ಅಂತ ಬಾದಾಮಿಯಲ್ಲಿ ಒಂದು ಸುತ್ತು ಹಾಕಿದರೆ ತಿಳಿಯುತ್ತದೆ.

ಕಾನೂನು ಇಲ್ಲ ಅಂತ ಯಾರೂ ಹೇಳಬಾರದು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಸ್ಮಾರಕ ಅಂದರೆ ಏನು ಅಂತ ಹೇಳುವಾಗ ಗುಹೆಯನ್ನೂ ಹೆಸರಿಸುತ್ತದೆ. ಕಟ್ಟಿದ್ದೇ ಆಗಬೇಕು ಅಂತಿಲ್ಲ. 2010ರ ತಿದ್ದುಪಡಿ ಆದ ಮೇಲೆ ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ವರೆಗೆ ಅನುಮತಿ ಬೇಕು. ಅಂಥ ಸ್ಮಾರಕವನ್ನು ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ರಾಜ್ಯಕ್ಕೂ 1961ರ ತನ್ನದೇ ಕಾಯ್ದೆ ಇದೆ. ಕಾಗದದಲ್ಲಿ ಎಲ್ಲ ಚಲೋ ಇದೆ. ಆದರೆ ಬಂಡೆಯ ಮೇಲೆ ಸ್ಪ್ರೇ ಹೊಡೆಯುವ ಹುಡುಗನಿಗೆ ಕಾಯ್ದೆ ಕಾಣಲ್ಲ, ಎದುರಿಗೆ ಒಬ್ಬ ಮನುಷ್ಯ ನಿಂತಿದ್ದರೆ ಕಾಣುತ್ತಾನೆ.

ಅದಕ್ಕೇ ನಾನು ಕೇಳೋದು ಒಬ್ಬ ಕಾವಲುಗಾರನನ್ನು. ಆಗೊಮ್ಮೆ ಈಗೊಮ್ಮೆ ಬಂದು ಹೋಗುವವನಲ್ಲ, ದಿನವೂ ಇರುವವನು. ಆ ಗುಡ್ಡದಲ್ಲಿ ಕುರಿ ಮೇಯಿಸುವ ಮನೆತನಗಳಲ್ಲೇ ಒಬ್ಬರನ್ನು ತೆಗೆದುಕೊಳ್ಳಲಿ. ಹೊಸಬ ಯಾರು ಬಂದ, ಎಲ್ಲಿ ಹೊಗೆ ಎದ್ದಿತು, ಎಲ್ಲಿ ರಾತ್ರಿ ಲೈಟು ಕಂಡಿತು ಅಂತ ಅವರಷ್ಟು ಬೇಗ ಯಾರಿಗೂ ತಿಳಿಯಲ್ಲ. ಮಳೆ ಬಂದಾಗ ಅವರೂ ಆ ಕಲ್ಲಿನಡಿ ನಿಲ್ಲುತ್ತಾರೆ, ನಿಲ್ಲಲಿ. ಚಿತ್ರದ ಕೆಳಗೆ ಒಲೆ ಹಚ್ಚಬೇಡಿ ಅಂತ ಹೇಳಿದರೆ ಕೇಳುತ್ತಾರೆ. ಸಂಬಳ ಮಾತ್ರ ತಿಂಗಳು ತಿಂಗಳು ಕೊಡಬೇಕು.

ಆಮೇಲೆ ಒಂದು ಬೋರ್ಡು. ಇದರ ಬಗ್ಗೆ ಒಂದು ಮಾತು ಹೇಳಬೇಕಿದೆ. ಕೆಲವು ವರ್ಷಗಳ ಹಿಂದೆ ಒಬ್ಬರು ನನ್ನನ್ನು ಕರೆದು, ಗುಡ್ಡದ ದಾರಿಯುದ್ದಕ್ಕೂ ಬಂಡೆಗಳ ಮೇಲೆ ಬಿಳಿ ಎನಾಮೆಲ್‌ನಲ್ಲಿ ಬಾಣದ ಗುರುತು ಹಾಕಿ, ಕೊನೆಗೆ ಗುಹೆಯ ಬಾಯಲ್ಲಿ ‘ಸ್ವಾಗತ’ ಅಂತ ದೊಡ್ಡದಾಗಿ ಬರೆಯಲು ಹೇಳಿದರು. ಕೂಲಿ ಚೆನ್ನಾಗೇ ಇತ್ತು. ಬಂಡೆಯ ಮೇಲೆ ಬರೆಯಲ್ಲ, ತಗಡಿನ ಮೇಲೆ ಬರೆದು ಕಂಬಕ್ಕೆ ಹಾಕಿಕೊಡುತ್ತೇನೆ ಅಂದೆ. ತಗಡಿಗೆ ದುಡ್ಡಿಲ್ಲ ಅಂದರು. ಕೆಲಸ ಬಿಟ್ಟೆ. ಬೇರೆ ಯಾರ ಕೈಲಾದರೂ ಬರೆಸುತ್ತಾರೇನೋ ಅಂತ ಅಳುಕಿತ್ತು, ಪುಣ್ಯಕ್ಕೆ ಆ ಯೋಜನೆಯೇ ನಿಂತುಹೋಯಿತು.

ಈಗ ಅದೇ ಮಾತನ್ನು ಬಹಿರಂಗವಾಗಿ ಹೇಳುತ್ತೇನೆ. ದಾರಿ ಶುರುವಾಗುವ ಕಡೆ, ಗುಹೆಯಿಂದ ದೂರದಲ್ಲಿ, ಒಂದು ತಗಡಿನ ಬೋರ್ಡು ನಿಲ್ಲಿಸಲಿ. ಮುಟ್ಟಬೇಡಿ, ನೀರು ಹಾಕಬೇಡಿ, ಬೆಂಕಿ ಹಚ್ಚಬೇಡಿ, ನೆಲ ಕೆದಕಬೇಡಿ, ಹೆಸರು ಬರೆದರೆ ಜೈಲು. ಇಷ್ಟು ಸಾಕು. ಶಾಸಕರ ಫೋಟೋ ಬೇಡ. ತಗಡು, ಪ್ರೈಮರ್, ಬಣ್ಣ ನನ್ನದೇ, ಕೂಲಿಯೂ ಬೇಡ. ಎಲ್ಲಿ ಕಂಬ ನೆಡಬೇಕು ಅಂತ ಇಲಾಖೆಯವರು ಬಂದು ತೋರಿಸಿ, ಬರಹದಲ್ಲಿ ಅನುಮತಿ ಕೊಡಲಿ. ಬನಶಂಕರಿ ಜಾತ್ರೆಯ ಒಳಗೆ ಕೊಟ್ಟರೆ ಒಳ್ಳೇದು. ನಾಟಕದವರು ಬಂದು ಇಳಿದರೆ ಆಮೇಲೆ ತಿಂಗಳುಗಟ್ಟಲೆ ನನಗೆ ಪುರುಸೊತ್ತು ಇರಲ್ಲ.

ಇಂತಿ,
ಬೋರ್ಡ್ ಬರೆಯುವ ಒಬ್ಬ ಓದುಗ
ಬಾದಾಮಿ